ಎಂಜಿನ್ನಿಗೆ ಬಂದ ಜ್ವರ

ಮಂಗಳೂರಿನಿಂದ ಬೆಂಗಳೂರಿಗೆ ಸರಕು ಹೊತ್ತು ಬರುವ ಲಾರಿಗಳು ಗುಂಡ್ಯವನ್ನು ದಾಟಿದ ಮೇಲೆ ಶಿರಾಡಿ ಘಾಟಿಯ ಏರನ್ನು ಎದುರಿಸಬೇಕಾಗುತ್ತದೆ. ಅಲ್ಲಿಂದ ಸಕಲೇಶಪುರದ ಎತ್ತರವನ್ನು ಮುಟ್ಟುವವರೆಗೆ ಚಾಲಕನ ಒಂದು ಕಣ್ಣು ರಸ್ತೆಯ ಮೇಲಿದ್ದರೆ ಇನ್ನೊಂದು ಕಣ್ಣು ಉಷ್ಣಮಾಪಕದ ಮುಳ್ಳಿನ ಮೇಲೆ. ಲಾರಿ ಹೊಸದಾದರೆ ಚಿಂತೆಯಿಲ್ಲ. ಬಹುಕಾಲ ದುಡಿದು ಹಣ್ಣಾದ ಲಾರಿಯಾದರೆ ಮುಳ್ಳು ಮೆಲ್ಲನೆ ಕೆಂಪು ಗೆರೆಯ ಕಡೆಗೆ ಸರಿಯತೊಡಗುತ್ತದೆ. ರೇಡಿಯೇಟರಿನ ಬಳಿ ಹಬೆ ಕಾಣಿಸುತ್ತದೆ. ಲಾರಿ ರಸ್ತೆಯ ಅಂಚಿನಲ್ಲಿ ನಿಲ್ಲುತ್ತದೆ. ಕ್ಲೀನರ್ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಡಬ್ಬ ಹಿಡಿದು ನೀರು ಹುಡುಕಲು ಹೊರಡುತ್ತಾನೆ.

ಇಂಥ ಹಳೆಯ ಲಾರಿ ಅನೇಕ ವೇಳೆ ಒಂದು ಸಂಸಾರದ ಏಕಮಾತ್ರ ಆಸ್ತಿ. ಒಂದೇ ಏರಿನಲ್ಲಿ ಮಿತಿಮೀರಿ ಕಾದರೆ ಎಂಜಿನ್ನಿನ ತಲೆಭಾಗ ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ತಿಂಗಳುಗಳ ಸಂಪಾದನೆ ಅದರ ರಿಪೇರಿಗೆ ಹೋದೀತು. ಆದ್ದರಿಂದ ಗಾಬರಿಗೊಂಡ ಮಾಲೀಕ ಮೊದಲು ರೇಡಿಯೇಟರನ್ನು ಬದಲಿಸುತ್ತಾನೆ. ಬಿಸಿ ಇಳಿಯದಿದ್ದರೆ ನೀರಿನ ಪಂಪನ್ನು. ಅದಕ್ಕೂ ಬಗ್ಗದಿದ್ದರೆ ಥರ್ಮೋಸ್ಟಾಟನ್ನು ಕಿತ್ತೆಸೆಯುತ್ತಾನೆ. ಹಣ ಕರಗುತ್ತದೆ, ಜ್ವರ ಮಾತ್ರ ಉಳಿಯುತ್ತದೆ. ಜ್ವರವೆಂಬುದು ರೋಗವಲ್ಲ, ರೋಗದ ಲಕ್ಷಣ. ಒಳ್ಳೆಯ ವೈದ್ಯನು ಔಷಧಕ್ಕೆ ಕೈಹಾಕುವ ಮುನ್ನ, ಜ್ವರ ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ಕೇಳುತ್ತಾನೆ. ಎಂಜಿನ್ನಿಗೂ ಕೇಳಬೇಕಾದ ಪ್ರಶ್ನೆ ಅದೇ.

ಉರಿದ ತೈಲದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಗಾಡಿಯನ್ನು ಎಳೆಯುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆ. ಉಳಿದುದರಲ್ಲಿ ಬಹುಭಾಗವನ್ನು ಹೊರಕ್ಕೆ ಸಾಗಿಸುವ ಹೊಣೆ ನೀರಿನದು. ಪಂಪು ನೂಕಿದ ನೀರು ಸಿಲಿಂಡರುಗಳನ್ನು ಸುತ್ತಿ, ಬಿಸಿಯೇರಿ, ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಇಳಿಯುವಾಗ ಗಾಳಿಗೆ ತನ್ನ ಶಾಖವನ್ನು ಒಪ್ಪಿಸಿ ಮರಳುತ್ತದೆ. ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ 1900ರ ಸುಮಾರಿಗೆ ರೂಪಿಸಿದ ಜೇನುಗೂಡಿನಂಥ ರೇಡಿಯೇಟರಿನಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಕಿರುನಳಿಗೆಗಳಿದ್ದವು. ಕೊಂಚವೇ ನೀರನ್ನು ಬಹಳ ಗಾಳಿಗೆ ಒಡ್ಡುವ ಆ ತತ್ತ್ವವೇ ಇಂದಿಗೂ ನಡೆದುಬಂದಿದೆ. ಹೀಗಾಗಿ ಎಂಜಿನ್ ವಿಪರೀತ ಕಾದರೆ ಗಾಳಿ ಸಾಲದು, ಇಲ್ಲವೆ ನೀರು ಸಾಲದು, ಇಲ್ಲವೆ ಶಾಖವೇ ಅತಿಯಾಗಿದೆ ಎಂದು ತಿಳಿಯಬೇಕು.

ಮೊದಲು ಜ್ವರ ನಿಜವೇ ಎಂದು ನೋಡತಕ್ಕದ್ದು. ಹಳೆಯ ಗಾಡಿಗಳಲ್ಲಿ ಮಾಪಕವೇ ಸುಳ್ಳು ಹೇಳುವುದುಂಟು. ಮುಟ್ಟದೆಯೇ ಶಾಖವನ್ನು ಅಳೆಯುವ ಕೈಯುಪಕರಣ ಈಗ ಸುಲಭವಾಗಿ ಸಿಗುತ್ತದೆ. ಅದನ್ನು ಥರ್ಮೋಸ್ಟಾಟಿನ ಕವಚದ ಕಡೆಗೆ ಹಿಡಿದರೆ ಸಂಶಯ ಪರಿಹಾರವಾಗುತ್ತದೆ.

ಜ್ವರ ನಿಜವಾದರೆ, ಅದು ಬರುವ ಹೊತ್ತನ್ನು ಗಮನಿಸಬೇಕು. ಗಾಡಿ ನಿಂತಿರುವಾಗಲೋ ನಿಧಾನವಾಗಿ ತೆವಳುವಾಗಲೋ ಕಾದು, ಬಯಲುದಾರಿಯಲ್ಲಿ ವೇಗವಾಗಿ ಓಡಿದೊಡನೆ ತಣ್ಣಗಾದರೆ ಕೊರತೆ ಗಾಳಿಯದು. ಓಡುವ ಗಾಡಿಗೆ ಗಾಳಿ ತಾನಾಗಿ ನುಗ್ಗುತ್ತದೆ. ತೆವಳುವ ಗಾಡಿಗೆ ಫ್ಯಾನೇ ಗತಿ. ಘಾಟಿಯ ಏರಿನಲ್ಲಿ ಎಂಜಿನ್ ಶಕ್ತಿಮೀರಿ ದುಡಿಯುತ್ತಿದ್ದರೂ ಲಾರಿಯ ನಡಿಗೆ ಎತ್ತಿನ ಗಾಡಿಯದು. ಗಾಳಿಯೂ ಹಿಂದಿನಿಂದ ಬೀಸಿದರೆ ಕಷ್ಟ ಇಮ್ಮಡಿ. ಆಗ ನೋಡಬೇಕಾದುದು ಫ್ಯಾನಿನ ಬೆಲ್ಟು ಸಡಿಲವಾಗಿದೆಯೇ, ಸವೆದು ಹೊಳಪೇರಿ ಜಾರುತ್ತಿದೆಯೇ ಎಂಬುದನ್ನು. ಫ್ಯಾನನ್ನು ಸುತ್ತುವರಿದ ತಗಡಿನ ಬಳೆಯನ್ನು ಹಿಂದೆಂದೋ ರಿಪೇರಿಯ ಕಾಲದಲ್ಲಿ ಬಿಚ್ಚಿ ಮೂಲೆಗೆಸೆದಿರುವುದೂ ಉಂಟು. ಅದಿಲ್ಲದಿದ್ದರೆ ಫ್ಯಾನು ರೇಡಿಯೇಟರಿನ ಮೂಲಕ ಗಾಳಿಯನ್ನು ಸೆಳೆಯುವ ಬದಲು ಅಲ್ಲಿದ್ದ ಬಿಸಿಗಾಳಿಯನ್ನೇ ಕಲಕುತ್ತದೆ. ರೇಡಿಯೇಟರಿನ ತೆಳುವಾದ ಎಲೆಗಳ ನಡುವೆ ಧೂಳು, ಹೊಟ್ಟು, ಸತ್ತ ಕೀಟಗಳು ಗಟ್ಟಿಯಾಗಿ ಕೂತಿದ್ದರೆ ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ಇವುಗಳಲ್ಲಿ ಯಾವುದಕ್ಕೂ ಹೆಚ್ಚು ಖರ್ಚಿಲ್ಲ.

ಇದಕ್ಕೆ ವಿರುದ್ಧವಾಗಿ, ನಿಂತಾಗ ತಣ್ಣಗಿದ್ದು, ವೇಗವಾಗಿ ಓಡುವಾಗ ಕಾದರೆ ಕೊರತೆ ನೀರಿನ ಹರಿವಿನಲ್ಲಿದೆ. ಇಲ್ಲಿ ಹಳೆಯ ಎಂಜಿನ್ನಿನ ದೊಡ್ಡ ಶತ್ರು ಯಾವುದೆಂಬುದು ಗೃಹಿಣಿಯರಿಗೆ ಚೆನ್ನಾಗಿ ಗೊತ್ತು. ಕೊಳವೆಬಾವಿಯ ನೀರನ್ನು ದಿನವೂ ಕಾಯಿಸುವ ಪಾತ್ರೆಯ ಒಳಮೈಗೆ ಬಿಳಿಯ ಗಾರು ಕಟ್ಟುವುದಷ್ಟೆ? ಗಡಸುನೀರಿನಲ್ಲಿರುವ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳು ಎಂಜಿನ್ನಿನೊಳಗೂ ಅದೇ ರೀತಿ ಪದರಗಟ್ಟುತ್ತವೆ. ಈ ಗಾರು ಶಾಖವನ್ನು ಲೋಹದಂತೆ ದಾಟಗೊಡುವುದಿಲ್ಲ. ಅದರೊಡನೆ ತುಕ್ಕಿನ ಕೆಸರು ಸೇರಿ ನಳಿಗೆಗಳನ್ನು ಮುಚ್ಚುತ್ತದೆ. ಸೋರುವ ಲಾರಿಗೆ ದಾರಿಯುದ್ದಕ್ಕೂ ಸಿಕ್ಕಿದ ನೀರನ್ನು ಸುರಿದಷ್ಟೂ ಹೊಸ ಲವಣ ಒಳಸೇರುತ್ತದೆ. ಇಂದಿನ ಬಿಸಿಯನ್ನು ಇಳಿಸಿದ ನೀರೇ ನಾಳೆಯ ಬಿಸಿಗೆ ಕಾರಣವಾಗುತ್ತದೆ. ಆದ್ದರಿಂದ ಸೋರಿಕೆಯನ್ನು ನಿಲ್ಲಿಸಿ, ಎಂಜಿನ್ನಿನ ಪಕ್ಕದ ತಿರುಪನ್ನೂ ಬಿಚ್ಚಿ ತಳದ ಕೆಸರನ್ನು ಹೊರಹಾಕಿ, ಅನಂತರ ಬಟ್ಟಿಯಿಳಿಸಿದ ನೀರಿಗೆ ತಕ್ಕಷ್ಟು ಕೂಲೆಂಟ್ ಬೆರೆಸಿ ತುಂಬುವುದು ಸರಿಯಾದ ಕ್ರಮ. ರೇಡಿಯೇಟರಿನ ಮೈಯೆಲ್ಲ ಬಿಸಿಯಿದ್ದು ಒಂದೆರಡು ಕಡೆ ಮಾತ್ರ ತಣ್ಣಗಿದ್ದರೆ, ಅಲ್ಲಿನ ನಳಿಗೆಗಳು ಮುಚ್ಚಿವೆಯೆಂದೇ ಅರ್ಥ.

ಕೆಳಗಿನ ರಬ್ಬರ್ ಕೊಳವೆಯನ್ನೂ ಮರೆಯಬಾರದು. ಪಂಪು ಅದರ ಮೂಲಕ ನೀರನ್ನು ಎಳೆಯುತ್ತದೆ. ರಬ್ಬರು ಮೆತ್ತಗಾಗಿದ್ದರೆ ಎಂಜಿನ್ ವೇಗವಾಗಿ ತಿರುಗುವಾಗ ಕೊಳವೆ ಚಪ್ಪಟೆಯಾಗಿ ದಾರಿ ಕಟ್ಟುತ್ತದೆ. ಎಂಜಿನ್ ನಿಂತೊಡನೆ ಮೊದಲಿನಂತಾಗುತ್ತದೆ. ನಿಂತ ಗಾಡಿಯನ್ನು ಪರೀಕ್ಷಿಸುವವನಿಗೆ ಈ ಕಳ್ಳ ಸಿಕ್ಕುವುದೇ ಇಲ್ಲ.

ಇನ್ನು ಥರ್ಮೋಸ್ಟಾಟಿನ ಮಾತು. ಎಂಜಿನ್ ಹದವಾಗಿ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು, ಅನಂತರ ತೆರೆಯುವ ಬಾಗಿಲು ಇದು. ಇದನ್ನು ಅಡುಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಪಾತ್ರೆಯ ನೀರಿನಲ್ಲಿ ದಾರಕ್ಕೆ ತೂಗುಬಿಟ್ಟು, ಉಷ್ಣಮಾಪಕವನ್ನೂ ಇಟ್ಟು ಕಾಯಿಸಿದರೆ, ಅದರ ಮೇಲೆ ನಮೂದಾದ ಶಾಖದಲ್ಲಿ, ಬಹುಮಟ್ಟಿಗೆ 80 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ, ಬಾಗಿಲು ತೆರೆಯತೊಡಗಬೇಕು. ತೆರೆಯದಿದ್ದರೆ ಬದಲಿಸಬೇಕು. ಕಿತ್ತು ಖಾಲಿ ಬಿಡುವುದು ಮಾತ್ರ ತರವಲ್ಲ. ಎಂಜಿನ್ ಬಹುಹೊತ್ತು ತಣ್ಣಗಿದ್ದು ಬೇಗ ಸವೆಯುತ್ತದೆ. ಅದಲ್ಲದೆ, ಕೆಲವು ಎಂಜಿನ್ನುಗಳಲ್ಲಿ ಇದು ತೆರೆದಾಗ ಒಳಸುತ್ತಿನ ಅಡ್ಡದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ಅಂಥದನ್ನು ಕಿತ್ತರೆ ಬಿಸಿನೀರು ರೇಡಿಯೇಟರಿಗೆ ಪೂರ್ತಿಯಾಗಿ ಹೋಗದೆ ಒಳಗೇ ಸುತ್ತುತ್ತದೆ. ತಂಪಿಗೆಂದು ಮಾಡಿದ ಉಪಾಯದಿಂದ ಬಿಸಿಯೇ ಹೆಚ್ಚುತ್ತದೆ.

ಎಲ್ಲಕ್ಕಿಂತ ಅಗ್ಗದ ಭಾಗ ರೇಡಿಯೇಟರಿನ ಮುಚ್ಚಳ. ಇದು ಪ್ರೆಷರ್ ಕುಕ್ಕರಿನ ಮುಚ್ಚಳದ ಸೋದರ. ಸಕಲೇಶಪುರದಂಥ ಎತ್ತರದಲ್ಲಿ ತೆರೆದ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಒತ್ತಡವನ್ನು ಹಿಡಿದಿಡುವ ಮುಚ್ಚಳವಿದ್ದರೆ ಅದೇ ನೀರು 120 ಡಿಗ್ರಿಯ ಸಮೀಪದವರೆಗೂ ಕುದಿಯದೆ ನಿಲ್ಲುತ್ತದೆ. ರಬ್ಬರು ಸವೆದು ಸ್ಪ್ರಿಂಗು ಸೋತ ಮುಚ್ಚಳವು ಘಾಟಿಯಲ್ಲಿ ಲಾರಿಯನ್ನು ನಿಲ್ಲಿಸಲು ಸಾಕು.

ಮೂರನೆಯ ಬಗೆಯಲ್ಲಿ ಶಾಖವೇ ಅತಿಯಾಗಿರುತ್ತದೆ. ತೈಲವನ್ನು ಚಿಮ್ಮಿಸುವ ಕಾಲ ಹಿಂದುಮುಂದಾಗಿದ್ದರೆ, ಬ್ರೇಕು ಹಿಡಿದುಕೊಂಡೇ ಇದ್ದರೆ, ಹೊರೆ ಮಿತಿಮೀರಿದ್ದರೆ ಎಂಜಿನ್ ಕಾಯುತ್ತದೆ. ಎಲ್ಲಕ್ಕಿಂತ ಗಂಭೀರವಾದುದು ತಲೆಭಾಗದ ಗ್ಯಾಸ್ಕೆಟ್ ಒಡೆಯುವುದು. ಆಗ ಉರಿದ ಅನಿಲ ನೀರಿನೊಳಕ್ಕೆ ನುಗ್ಗುತ್ತದೆ. ತಣ್ಣಗಿದ್ದಾಗ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿದರೆ ಗುಳ್ಳೆಗಳು ಎಡೆಬಿಡದೆ ಏಳುತ್ತವೆ. ಎಣ್ಣೆ ಹಾಲು ಬೆರೆತ ಕಾಫಿಯಂತೆ ಕಾಣುತ್ತದೆ. ಈ ಚಿಹ್ನೆ ಕಂಡ ಮೇಲೆ ಲಾರಿಯನ್ನು ಒಂದು ಮೈಲಿಯೂ ಓಡಿಸದೆ ಕಾರ್ಖಾನೆಗೆ ಸಾಗಿಸುವುದೇ ಲೇಸು.

ಘಾಟಿಯ ನಡುವೆ ಎಂಜಿನ್ ಕಾದಾಗ ಮಾಡುವ ಅವಸರದಿಂದ ಆಗುವ ಹಾನಿ ಹೆಚ್ಚು. ಮುಳ್ಳು ಏರಿದ್ದರೂ ನೀರು ಉಕ್ಕಿರದಿದ್ದರೆ, ಲಾರಿಯನ್ನು ನಿಲ್ಲಿಸಿ ಎಂಜಿನ್ನನ್ನು ಹೊರೆಯಿಲ್ಲದೆ ಕೊಂಚ ಹೊತ್ತು ನಡೆಯಗೊಡಬೇಕು. ಪಂಪೂ ಫ್ಯಾನೂ ಅದನ್ನು ತಣಿಸುತ್ತವೆ. ನೀರು ಚೆಲ್ಲಿಹೋಗಿದ್ದರೆ, ಬೆಲ್ಟು ಹರಿದಿದ್ದರೆ, ಕೂಡಲೆ ನಿಲ್ಲಿಸಬೇಕು. ಬಿಸಿಯಿರುವಾಗ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಒತ್ತಡ ಬಿಟ್ಟೊಡನೆ ಒಳಗಿನ ನೀರೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹೀಗೆ ಸುಟ್ಟುಕೊಂಡವರು ಕಡಮೆಯಿಲ್ಲ. ಬರಿದಾಗಿ ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಸುರಿದರೆ ಅದು ಬಿರಿಯುತ್ತದೆ. ಎಂಜಿನ್ ಕೈಗೆ ತಾಳುವಷ್ಟು ಆರುವವರೆಗೆ ಕಾದು, ಅನಂತರ ನೀರನ್ನು ನಿಧಾನವಾಗಿ ತುಂಬಬೇಕು.

ಮುಚ್ಚಳ, ಬೆಲ್ಟು, ಕೊಳವೆ, ಥರ್ಮೋಸ್ಟಾಟು, ಅನಂತರ ತೊಳೆಯುವುದು, ಅದಾದ ಮೇಲೆ ಪಂಪು, ರೇಡಿಯೇಟರು, ಕಟ್ಟಕಡೆಗೆ ಎಂಜಿನ್ನನ್ನು ಬಿಚ್ಚುವುದು. ಮನೆಯ ಮುಂದೆ ನಿಂತಿರುವ ಹಳೆಯ ಕಾರಿಗೂ ಇದೇ ಕ್ರಮ ಸಲ್ಲುತ್ತದೆ. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ, ಮತ್ತೆ ಓಡಿಸಿ ನೋಡಿ, ಫಲವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಮಾಲೀಕನಿಗೆ ಮುಂದಿನ ಘಾಟಿಯನ್ನು ಏರುವಾಗ ರಸ್ತೆಯ ಮೇಲೆ ಎರಡು ಕಣ್ಣನ್ನೂ ಇಡುವ ಬಿಡುವು ದೊರಕೀತು.