ಚೀಟಿ ಓದಿ ಸಾಲ ಮಾಡಬೇಡಿ, ಮಡಿಯಲ್ಲಿ ಬೆಳೆದು ನೋಡಿ



ನಮ್ಮ ಬೆಳಗೋಡಿನ ಕಡೆ ಗದ್ದೆ ಅಂದರೆ ಬರೀ ಅಕ್ಕಿ ಅಲ್ಲ, ದನಕ್ಕೆ ಹುಲ್ಲೂ ಹೌದು. ಕಂದು ಜಿಗಿಹುಳು ಬುಡದಲ್ಲಿ ಕೂತು ರಸ ಹೀರಿದರೆ ಪೈರು ಬೆಂಕಿ ಬಿದ್ದಂಗೆ ಒಣಗುತ್ತೆ. ಕಾಳೂ ಇಲ್ಲ, ಮೇವೂ ಇಲ್ಲ. ಔಷಧಿ ಹೊಡೆದರೆ ಅಂಗಡಿ ಸಾಲ ಏರುತ್ತೆ, ವಿಷ ಹುಲ್ಲಿನ ಜೊತೆ ಹಸುವಿನ ಹೊಟ್ಟೆಗೂ ಹೋದೀತು. ಹುಳು ತಡೆಯುವ ತಳಿ ನಮಗೆ ಬೇಕೇ ಬೇಕು.

ಆದರೆ ಬೀಜದ ಚೀಲದ ಚೀಟಿ ನಂಬಿ ಸಾಲ ಮಾಡಬೇಡಿ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಐ.ಆರ್. 26 ತಳಿ 1973ರಲ್ಲಿ ಈ ಹುಳು ತಡೆಯುತ್ತೆ ಅಂತಲೇ ಬಂತು. ಕೆಲವೇ ವರ್ಷಗಳಲ್ಲಿ ಅದನ್ನೂ ಅರಗಿಸಿಕೊಳ್ಳುವ ಹುಳು ಎದ್ದಿತು.

ಮೊದಲು ಒಂದು ಮಡಿಗೆ ಹೊಸದು, ಪಕ್ಕದ ಮಡಿಗೆ ನಿಮ್ಮ ಹಳೇ ತಳಿ ನಾಟಿ ಮಾಡಿ. ಎರಡಕ್ಕೂ ಒಂದೇ ಗೊಬ್ಬರ. ಯೂರಿಯಾ ಅತಿಯಾದರೆ ಹುಳು ಹೆಚ್ಚುತ್ತೆ. ಔಷಧಿ ಯಾವುದಕ್ಕೂ ಬೇಡ. ವಾರಕ್ಕೊಮ್ಮೆ ಹತ್ತು ಬುಡ ಬಿಡಿಸಿ ಹುಳು ಎಣಿಸಿ, ಬರೆದಿಡಿ. ಕೊಯ್ಲಲ್ಲಿ ಭತ್ತ ಅಳೆಯಿರಿ, ಹುಲ್ಲು ತೂಗಿರಿ, ದನ ತಿನ್ನುತ್ತೋ ನೋಡಿ.

ಎರಡು ಮಳೆಗಾಲ ಗೆದ್ದ ತಳಿಗೆ ಕಾಸು ಬಿಚ್ಚಿ. ಲೆಕ್ಕ ನಮ್ಮ ಕೈಲಿದ್ದರೆ ತಾನೇ ಅಂಗಡಿಯವನನ್ನೂ ಇಲಾಖೆಯವರನ್ನೂ ಎದುರು ನಿಂತು ಕೇಳೋದು?