ಬಾಖ್‌ನ ನಾದವನ್ನರಸಿದ ಯಾತ್ರೆ

ಶಿಲ್ಪಿಯ ಕೃತಿ ಕಲ್ಲಿನಲ್ಲಿ ಉಳಿಯುತ್ತದೆ. ಕವಿಯ ಕೃತಿ ಓಲೆಯಲ್ಲಿ ಉಳಿಯುತ್ತದೆ. ಗಾಯಕನ ನಾದವಾದರೋ ಹುಟ್ಟಿದ ಗಳಿಗೆಯಲ್ಲಿಯೇ ಗಾಳಿಯಲ್ಲಿ ಲೀನವಾಗುತ್ತದೆ. ಯುರೋಪಿನ ಸಂಗೀತ ರಚನಕಾರರು ತಮ್ಮ ಕೃತಿಗಳನ್ನು ಸ್ವರಲಿಪಿಯಲ್ಲಿ ಬರೆದಿಟ್ಟರೆಂಬುದು ನಿಜ. ಆದರೆ ಅಂದಿನವರು ಅದನ್ನು ಎಷ್ಟು ಮಂದಿ ಕೂಡಿ, ಯಾವ ಶ್ರುತಿಯಲ್ಲಿ, ಎಂತಹ ನಡೆಯಲ್ಲಿ ಹಾಡಿದರೆಂಬುದನ್ನು ಕಾಗದವು ಪೂರ್ಣವಾಗಿ ಹೇಳಲಾರದು. ಈ ಪ್ರಶ್ನೆಗಳಿಗೆ ಉತ್ತರವನ್ನರಸುತ್ತ ಅರವತ್ತು ವರ್ಷಗಳಿಗೂ ಮೀರಿ ಹಾಡುತ್ತ ಬಂದಿರುವುದು ಇಂಗ್ಲೆಂಡಿನ ಮಾಂಟೆವೆರ್ಡಿ ಗಾಯಕವೃಂದ.

ಅದರ ಜನನವಾದದ್ದು ಕೇಂಬ್ರಿಜ್ ನಗರದಲ್ಲಿ. ಚರಿತ್ರೆ ಮತ್ತು ಅರಬ್ಬೀ ಭಾಷೆಗಳನ್ನು ಓದುತ್ತಿದ್ದ ಜಾನ್ ಎಲಿಯಟ್ ಗಾರ್ಡಿನರ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ, 1964ರ ಮಾರ್ಚ್ 5ರಂದು ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ, ಇಟಲಿಯ ಮಾಂಟೆವೆರ್ಡಿ 1610ರಲ್ಲಿ ಪ್ರಕಟಿಸಿದ ಸಂಧ್ಯಾಪ್ರಾರ್ಥನೆಯ ಸಂಗೀತವನ್ನು ಹಾಡಿಸಿದರು. ವೃಂದಕ್ಕೆ ಆ ರಚನಕಾರನ ಹೆಸರೇ ನಿಂತಿತು.

ಆದರೆ ಗಾರ್ಡಿನರ್ ಅವರ ಬಾಳಿನಲ್ಲಿ ಮೊದಲೇ ಪ್ರವೇಶ ಮಾಡಿದ್ದವನು ಜರ್ಮನಿಯ ಬಾಖ್. 1748ರಲ್ಲಿ ಹೌಸ್‌ಮನ್ ಎಂಬ ಕಲಾವಿದನು ಬರೆದ ಬಾಖ್‌ನ ಭಾವಚಿತ್ರವೊಂದನ್ನು, ಜರ್ಮನಿಯಿಂದ ಆಶ್ರಯವನ್ನರಸಿ ಬಂದವರೊಬ್ಬರು ಯುದ್ಧಕಾಲದಲ್ಲಿ ಗಾರ್ಡಿನರ್ ಅವರ ತಂದೆತಾಯಿಗಳ ವಶಕ್ಕೆ ಒಪ್ಪಿಸಿದ್ದರು. ಮಲಗಲು ಮಹಡಿಯೇರುವ ಬಾಲಕನು ಆ ಗಂಭೀರ ದೃಷ್ಟಿಯನ್ನು ತಪ್ಪಿಸಿಕೊಂಡು ಹೋಗಲು ಯತ್ನಿಸುತ್ತಿದ್ದನಂತೆ. ಆ ಚಿತ್ರವು 2015ರಲ್ಲಿ ಬಾಖ್ ದುಡಿದ ಲೈಪ್‌ಸಿಗ್ ನಗರಕ್ಕೆ ಮರಳಿತು.

ಬಾಖ್ ಗತಿಸಿದ ಮೇಲೆ ಹಳೆಯ ಸಂಗೀತದ ರೂಪ ಬಹಳ ಮಾರ್ಪಟ್ಟಿತ್ತು. ಅವನ ಸಮಕಾಲೀನನಾದ ಹ್ಯಾಂಡೆಲ್‌ನ ಸ್ಮರಣೆಗಾಗಿ 1784ರಲ್ಲಿ ಲಂಡನ್ನಿನಲ್ಲಿ ನಡೆದ ಉತ್ಸವಕ್ಕೆ ಐನೂರಕ್ಕೂ ಮಿಕ್ಕ ಗಾಯಕ ವಾದಕರು ಸೇರಿದ್ದರು. 1859ರ ಉತ್ಸವದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಂಠಗಳು ಮೊಳಗಿದವು. ಬಾಖ್ ಬೇಡಿದ್ದಾದರೂ ಎಷ್ಟು? 1730ರಲ್ಲಿ ಅವನು ನಗರಸಭೆಗೆ ಸಲ್ಲಿಸಿದ ಮನವಿಯಲ್ಲಿ, ನಾಲ್ಕು ಧ್ವನಿವಿಭಾಗಗಳಿಗೆ ತಲಾ ಮೂವರಂತೆ 12 ಮಂದಿ ಬೇಕು, 16 ಮಂದಿ ದೊರೆತರೆ ಮೇಲು ಎಂದಿದ್ದಾನೆ. ಇದರ ಅರ್ಥದ ಬಗೆಗೂ ವಾದವುಂಟು. ವಿಭಾಗಕ್ಕೊಬ್ಬನೇ ಹಾಡುತ್ತಿದ್ದನೆಂದು ಅಮೆರಿಕದ ವಿದ್ವಾಂಸ ಜೋಶುವಾ ರಿಫ್ಕಿನ್ 1981ರಲ್ಲಿ ಪ್ರತಿಪಾದಿಸಿದರು. ಗಾರ್ಡಿನರ್ ಅದನ್ನು ಒಪ್ಪದೆ ಸಣ್ಣ ವೃಂದವನ್ನೇ ಉಳಿಸಿಕೊಂಡರು.

1978ರಲ್ಲಿ ಅವರು ಹಳೆಯ ಬಗೆಯ ವಾದ್ಯಗಳನ್ನು ನುಡಿಸುವ ‘ಇಂಗ್ಲಿಷ್ ಬರೋಕ್ ಸೋಲೋಯಿಸ್ಟ್ಸ್’ ಎಂಬ ಮೇಳವನ್ನು ಕಟ್ಟಿದರು. ಪಿಟೀಲಿಗೆ ಕರುಳಿನ ತಂತಿ, ಹಗುರವಾದ ಕಮಾನು; ಮರದ ಕೊಳಲು; ಗುಂಡಿಗಳಿಲ್ಲದ ತುತ್ತೂರಿ. ಇಂತಹ ಮೇಳಗಳ ಶ್ರುತಿ ಸಾಮಾನ್ಯವಾಗಿ ಇಂದಿನದಕ್ಕಿಂತ ಸುಮಾರು ಅರ್ಧಸ್ವರದಷ್ಟು ತಗ್ಗು. ವಾದ್ಯಗಳ ಅಬ್ಬರವಡಗಲು ಕಂಠಗಳು ಕೂಗಬೇಕಾಗಲಿಲ್ಲ. ಪದಗಳು ತಿಳಿಯಾಗಿ ಕೇಳಿಬಂದವು, ನೃತ್ಯದ ಲಯ ಹಾಡಿಗೆ ಮರಳಿತು.

ಹಾಗೆಂದು ಇದು ಹಳೆಯದರ ಪಡಿಯಚ್ಚೇನೂ ಅಲ್ಲ. ಬಾಖ್‌ನ ಚರ್ಚಿನಲ್ಲಿ ಎತ್ತರದ ಸ್ವರಗಳನ್ನು ಹಾಡುತ್ತಿದ್ದವರು ಬಾಲಕರು. ಈ ವೃಂದದಲ್ಲಿ ಹಾಡುವವರು ಸ್ತ್ರೀಯರು. ಅಂದಿನ ಶ್ರೋತೃಗಳ ಕಿವಿಯನ್ನಂತೂ ಯಾರೂ ಮರಳಿ ತರಲಾರರು. ಚರಿತ್ರೆಯ ಜ್ಞಾನವು ಗಾಯನಕ್ಕೆ ದಾರಿ ತೋರಬಲ್ಲುದು, ಹಾಡಬೇಕಾದವರು ಇಂದಿನವರೇ.

ಈ ನಿಲುವಿನ ಅಗ್ನಿಪರೀಕ್ಷೆ ನಡೆದದ್ದು ಬಾಖ್ ಗತಿಸಿ 250 ವರ್ಷ ತುಂಬಿದ 2000ದಲ್ಲಿ. ಚರ್ಚಿನ ಆರಾಧನೆಗಾಗಿ ಅವನು ರಚಿಸಿದ ‘ಕ್ಯಾಂಟಾಟ’ಗಳಲ್ಲಿ ಉಳಿದಿರುವವು ಸುಮಾರು ಇನ್ನೂರು. ಅವೆಲ್ಲವನ್ನೂ, ಯಾವ ಭಾನುವಾರಕ್ಕೆ, ಯಾವ ಹಬ್ಬಕ್ಕೆ ಬರೆಯಲಾಗಿತ್ತೋ ಆ ದಿನದಂದೇ ಹಾಡಬೇಕೆಂದು ಸಂಕಲ್ಪವಾಯಿತು. 1999ರ ಕ್ರಿಸ್ಮಸ್ ದಿನ ಜರ್ಮನಿಯ ವೈಮಾರ್‌ನಲ್ಲಿ ಹೊರಟ ಯಾತ್ರೆ ಊರಿಂದೂರಿಗೆ, ಚರ್ಚಿನಿಂದ ಚರ್ಚಿಗೆ ಸಾಗಿತು. ಪ್ರತಿ ವಾರವೂ ಹೊಸ ಕೃತಿಗಳು, ಹೊಸ ಅಭ್ಯಾಸ. ಇದನ್ನು ಮುದ್ರಿಸಿ ಪ್ರಕಟಿಸಬೇಕಾಗಿದ್ದ ಧ್ವನಿಮುದ್ರಿಕೆಯ ಸಂಸ್ಥೆ ಹಿಂಜರಿದರೂ ಯಾತ್ರೆ ನಿಲ್ಲಲಿಲ್ಲ. ಬಾಖ್‌ನ ಪುಣ್ಯದಿನವಾದ ಜುಲೈ 28ರಂದು ವೃಂದವು ಸ್ಕಾಟ್ಲೆಂಡಿನ ಅಯೋನಾ ದ್ವೀಪದ ಹಳೆಯ ಮಠದಲ್ಲಿ ಹಾಡಿತು. ವರ್ಷಾಂತ್ಯಕ್ಕೆ ನ್ಯೂಯಾರ್ಕಿನಲ್ಲಿ ಯಾತ್ರೆ ಮುಗಿಯಿತು.

ಮುದ್ರಿಕೆಗಳನ್ನು ಹೊರತರಲು 2005ರಲ್ಲಿ ಸ್ವಂತ ಸಂಸ್ಥೆಯೇ ಹುಟ್ಟಿತು. ಅದಕ್ಕಿಟ್ಟ ಹೆಸರು ‘ಸೋಲಿ ದೇವೋ ಗ್ಲೋರಿಯಾ’, ಎಂದರೆ ‘ಮಹಿಮೆಯೆಲ್ಲ ದೇವರದೇ’. ಬಾಖ್ ತನ್ನ ಹಸ್ತಪ್ರತಿಗಳ ಕೊನೆಯಲ್ಲಿ ಬರೆಯುತ್ತಿದ್ದುದು ಈ ಮಾತುಗಳ ಮೊದಲಕ್ಷರಗಳನ್ನೇ.

2024ರಲ್ಲಿ ಗಾರ್ಡಿನರ್ ಅವರ ನಾಯಕತ್ವ ಕೊನೆಗೊಂಡಿತು. ವೃಂದದ ಗಾಯನ ನಿಲ್ಲಲಿಲ್ಲ. ಲೈಪ್‌ಸಿಗ್‌ನ ಭಾನುವಾರವೊಂದಕ್ಕೆಂದು ಬರೆದ ಹಾಡು ಎರಡೂವರೆ ಶತಮಾನಗಳಾಚೆ ಅದೇ ಭಾನುವಾರದಂದು ಬೇರೆ ಕಂಠಗಳಲ್ಲಿ ಎದ್ದುಬಂದಾಗ, ನಾದವು ಗಾಳಿಯಲ್ಲಿ ಲೀನವಾದರೂ ಅಳಿಯಲಿಲ್ಲವೆಂದೇ ತಿಳಿಯಬೇಕು.