ಕಟ್ಟಡಗಳ ನಿರ್ಮಾಣ ಮತ್ತು ಬಳಕೆಯಲ್ಲಿ ನೀರಿನ ಮಿತವ್ಯಯ ಕುರಿತು ಮನವಿ ಪತ್ರ

ಇವರಿಗೆ:
ಮಾನ್ಯ ಅಧ್ಯಕ್ಷರು,
ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಬೆಂಗಳೂರು.

ಇವರಿಂದ:
ನಗರದ ನಾಗರಿಕರು (ಮನವಿದಾರರು)

ಮಾನ್ಯರೇ,

2024ರ ಮಾರ್ಚ್‌ನಲ್ಲಿ, ನೀರಿನ ಅಭಾವ ತೀವ್ರವಾಗಿದ್ದಾಗ, ಕಟ್ಟಡ ಕಾಮಗಾರಿಗೆ ಕುಡಿಯುವ ನೀರನ್ನು ಬಳಸದಂತೆ ಮಂಡಳಿಯು ಆದೇಶಿಸಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತವು ಉದ್ಘಾಟನೆಗೊಂಡಿದ್ದರೂ, ಸುಮಾರು 100 ಕಿ.ಮೀ. ದೂರದಿಂದ ಪಂಪ್‌ಗಳ ಮೂಲಕ ಮೇಲೆತ್ತಿ ತರುವ ಈ ನೀರು ಗಾರೆ ಕಲೆಸುವುದಕ್ಕೂ ಶೌಚಾಲಯ ತೊಳೆಯುವುದಕ್ಕೂ ವ್ಯಯವಾಗುವುದು ಸಮಂಜಸವಲ್ಲ. ಬರಗಾಲದ ಶಿಸ್ತು ವರ್ಷವಿಡೀ ನಿಯಮವಾಗಬೇಕೆಂದು ಕೋರುತ್ತಾ ಮನವಿದಾರರು ಕೆಳಕಂಡ ಬೇಡಿಕೆಗಳನ್ನು ಸಲ್ಲಿಸುತ್ತಾರೆ.

1. ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಬಲಗೊಳ್ಳುವವರೆಗೆ ಅದರ ತೇವ ಆರದಂತೆ ಕಾಯುವ ಕ್ರಮವು, ಐಎಸ್ 456:2000 ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಬಿಸಿಲಿನಲ್ಲಿ 10 ದಿನ ನಡೆಯಬೇಕು. ಕಂಬಗಳಿಗೆ ಪೈಪಿನಿಂದ ಹಾಯಿಸಿದ ನೀರು ನಿಲ್ಲದೆ ಜಾರಿ ನೆಲ ಸೇರುವುದರಿಂದ, ಅವುಗಳಿಗೆ ಒದ್ದೆ ಗೋಣಿತಾಟು ಸುತ್ತುವುದನ್ನಾಗಲಿ ತೇವ ಹಿಡಿದಿಡುವ ರಾಸಾಯನಿಕ ಲೇಪನವನ್ನಾಗಲಿ ಕಡ್ಡಾಯಗೊಳಿಸಬೇಕು.

2. ಅದೇ ಮಾನಕವು ಕಾಂಕ್ರೀಟಿಗೆ ಬಳಸುವ ನೀರಿನ ಆಮ್ಲತೆ, ಕ್ಲೋರೈಡ್ ಮುಂತಾದವುಗಳಿಗೆ ಮಿತಿ ವಿಧಿಸಿರುವುದರಿಂದ, ಸಂಸ್ಕರಿಸಿದ ತ್ಯಾಜ್ಯನೀರನ್ನು ಪರೀಕ್ಷಾ ವರದಿಯೊಡನೆ ನಿಗದಿತ ದರದಲ್ಲಿ ಕಾಮಗಾರಿ ಸ್ಥಳಗಳಿಗೆ ಒದಗಿಸಬೇಕು.

3. ರಾಷ್ಟ್ರೀಯ ಕಟ್ಟಡ ಸಂಹಿತೆಯು ತಲಾ 135 ಲೀಟರ್ ದಿನಬಳಕೆಯಲ್ಲಿ 45 ಲೀಟರನ್ನು ಶೌಚಾಲಯದ ಫ್ಲಷ್‌ಗೆ ಲೆಕ್ಕ ಹಿಡಿಯುತ್ತದೆ. ಈ ಪಾಲನ್ನು ಸಂಸ್ಕರಿತ ನೀರಿನಿಂದ ಪೂರೈಸಲು ಬೇಕಾದ ಜೋಡಿ ಕೊಳವೆ ವ್ಯವಸ್ಥೆ, ಅಂದರೆ ಕುಡಿಯುವ ನೀರಿಗೂ ಸಂಸ್ಕರಿತ ನೀರಿಗೂ ಪ್ರತ್ಯೇಕ ಕೊಳವೆಮಾರ್ಗ, ವಸತಿ ಸಮುಚ್ಚಯಗಳಲ್ಲಿ ವಾಸ್ತವವಾಗಿ ಕೆಲಸ ಮಾಡುತ್ತಿದೆಯೇ ಎಂದು ಪರಿಶೀಲಿಸಿದ ಬಳಿಕವೇ ಸಂಪರ್ಕ ನೀಡಬೇಕು.

4. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ ಬೀಳುವ ಬೆಂಗಳೂರಿನಲ್ಲಿ 100 ಚದರ ಮೀಟರ್ ಚಾವಣಿಯ ಮೇಲೆ ಸುಮಾರು 97 ಸಾವಿರ ಲೀಟರ್ ನೀರು ಸುರಿಯುತ್ತದೆ. ಮಳೆನೀರು ಸಂಗ್ರಹಣೆಯನ್ನು ಕಡ್ಡಾಯಗೊಳಿಸಿದ, ಮಂಡಳಿಯ ಕಾಯ್ದೆಯ 2009ರ ತಿದ್ದುಪಡಿಯು ಕಡತದಲ್ಲಷ್ಟೇ ಉಳಿಯದಂತೆ, ತರಗೆಲೆ ಕಟ್ಟಿಕೊಂಡ ಶೋಧಕಗಳನ್ನೂ ಕಳಚಿಹೋದ ಕೊಳವೆಗಳನ್ನೂ ಮುಂಗಾರಿಗೆ ಮುನ್ನ ಪ್ರತಿವರ್ಷ ತಪಾಸಣೆ ಮಾಡಬೇಕು.

5. ಸಮುಚ್ಚಯದ ಪ್ರತಿ ಮನೆಗೂ ಪ್ರತ್ಯೇಕ ಮೀಟರ್ ಅಳವಡಿಸಬೇಕು. ಒಟ್ಟು ಬಿಲ್ಲನ್ನು ಸಮನಾಗಿ ಹಂಚುವ ಪದ್ಧತಿಯಲ್ಲಿ ಮಿತವಾಗಿ ಬಳಸುವವರೇ ಪೋಲು ಮಾಡುವವರ ಹೊರೆಯನ್ನೂ ಹೊರಬೇಕಾಗುತ್ತದೆ.

ಈ ಬೇಡಿಕೆಗಳ ಪೈಕಿ ಮಂಡಳಿಯ ವ್ಯಾಪ್ತಿಗೆ ಒಳಪಟ್ಟವುಗಳ ಬಗ್ಗೆ ಆದೇಶ ಹೊರಡಿಸಿ, ಉಳಿದವುಗಳನ್ನು ನಕ್ಷೆ ಮಂಜೂರಾತಿ ಪ್ರಾಧಿಕಾರಗಳಿಗೆ ಶಿಫಾರಸು ಮಾಡಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರಲಾಗಿದೆ.

ಇತಿ ವಿಶ್ವಾಸಪೂರ್ವಕವಾಗಿ,
ಮನವಿದಾರರು